13,400 ರೂಪಾಯಿಯ ಜಿಪಿಎಸ್, ನಾಲ್ಕು ಗಂಟಿನ ಹಗ್ಗ

ಸ್ಟಾರ್ ಕೊಡಿ, ಅಭಿಪ್ರಾಯ ಬರೆಯಿರಿ ಅಂತ ಆನ್‌ಲೈನ್ ಅಂಗಡಿಯವರು ನಾಲ್ಕು ಸಲ ಮೆಸೇಜು ಕಳಿಸಿದ್ದರು. ಐದರಲ್ಲಿ ನಾಲ್ಕು ಒತ್ತಿ ಮುಗಿಸಬಹುದಿತ್ತು. ಆದರೆ ಮಾಲು ಒಳ್ಳೆಯದೇ, ಕೆಟ್ಟದೇ ಎಂದು ಹೇಳುವ ಮೊದಲು ಅದು ಏನನ್ನು ಅಳೆಯುತ್ತದೆ ಅಂತ ಹೇಳಬೇಕಲ್ಲ? ಅಲ್ಲಿಯ ಅಭಿಪ್ರಾಯಗಳಲ್ಲಿ ಅರ್ಧ ಜನ ಅದನ್ನು ತಿಳಿಯದೆಯೇ ಬೈದಿದ್ದಾರೆ. ಇನ್ನರ್ಧ ಜನ ತಿಳಿಯದೆಯೇ ಹೊಗಳಿದ್ದಾರೆ.

ನನ್ನ ಪರಿಚಯ ಇಷ್ಟು. ಇಪ್ಪತ್ತಾರು ವರ್ಷ ಸರಕು ಹಡಗುಗಳಲ್ಲಿ ಚುಕ್ಕಾಣಿ ಹಿಡಿದವ. ಸುಕಾನಿ ಅನ್ನುತ್ತಿದ್ದರು ನಮ್ಮನ್ನು. ಆಫೀಸರ್ ಅಲ್ಲ, ಆದರೆ ಆಫೀಸರ್ ನೋಡುವ ಮುಳ್ಳುಗಳನ್ನೆಲ್ಲ ದಿನಕ್ಕೆ ಎಂಟು ಗಂಟೆ ನೋಡಿದವ. ಈಗ ಮಲ್ಪೆಯ ಹತ್ತಿರ ಮನೆಯಲ್ಲಿದ್ದೇನೆ. ಅಳಿಯನದ್ದೊಂದು ಟ್ರಾಲ್ ಬೋಟ್ ಉಂಟು, ಸಮುದ್ರದ ನೆಲಕ್ಕೆ ಬಲೆ ಬಿಟ್ಟು ಎಳೆಯುವಂಥದ್ದು. ಅದಕ್ಕೆ ಅವನೇ ತಾಂಡೇಲ, ಅಂದರೆ ಬೋಟು ನಡೆಸುವವ. ಕಳೆದ ಸೀಸನ್ನಿನಲ್ಲಿ ನಡುರಾತ್ರಿ ಬೋಟಿನ ವಯರಿಂಗ್ ಸುಟ್ಟು ಕ್ಯಾಬಿನ್ನಿನ ದೊಡ್ಡ ಜಿಪಿಎಸ್, ಫಿಶ್ ಫೈಂಡರ್ ಎರಡೂ ಕಣ್ಣು ಮುಚ್ಚಿದವು. ಕಂಪಾಸ್ ನೋಡಿಕೊಂಡು, ಮೊಬೈಲಿನ ಕೊನೆಯ ಎಂಟು ಪರ್ಸೆಂಟ್ ಚಾರ್ಜಿನಲ್ಲಿ ಅಳಿವೆ ಬಾಗಿಲಿಗೆ ಬಂದು ಮುಟ್ಟಿದ. ಬಂದವನೇ, "ಮಾಮ, ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ತೆಗೆಸಿ ಕೊಡಿ" ಅಂದ. ಹಾಗೆ ತರಿಸಿದ್ದು ಇದು. ಬೆಲೆ ₹13,400. ಹೆಸರು ಬರೆಯುವುದಿಲ್ಲ. ಒಂದು, ಮುಂದೆ ಸ್ವಲ್ಪ ಬೈಯುವುದುಂಟು. ಇನ್ನೊಂದು, ಈ ಬೆಲೆಯಲ್ಲಿ ಸಿಗುವ ಎಲ್ಲವೂ ಹೆಚ್ಚು ಕಡಿಮೆ ಒಂದೇ ತಾಯಿಯ ಮಕ್ಕಳು.

ಮೊದಲ ಬೈಗುಳ ಪೆಟ್ಟಿಗೆ ತೆರೆದ ಕೂಡಲೇ. ಒಳಗಿನ ಚೀಟಿಯಲ್ಲಿ "ವೇಗ: ನಾಟ್ಸ್ ಪರ್ ಅವರ್" ಅಂತ ಅಚ್ಚಾಗಿತ್ತು. ನಾಟ್ ಅಂದರೇ ಗಂಟೆಗೆ ಒಂದು ನಾಟಿಕಲ್ ಮೈಲು, ಮಾರಾಯ್ರೆ. ಗಂಟೆ ಅದರ ಹೊಟ್ಟೆಯೊಳಗೇ ಉಂಟು. ಗಂಟೆಗೆ ಇಷ್ಟು ನಾಟ್ ಅಂದರೆ ಗಂಟೆಗೊಂದು ಸಲ ವೇಗ ಏರುತ್ತಲೇ ಹೋಗುತ್ತದೆ ಅಂತ ಅರ್ಥ. ಬೆಳಗ್ಗೆ ಎಂಟು ನಾಟಿನಲ್ಲಿ ಹೊರಟ ಬೋಟು ಮಧ್ಯಾಹ್ನಕ್ಕೆ ಹಾರಬೇಕಾದೀತು. ಚಂಡಮಾರುತ ಬಂದಾಗ ನಮ್ಮ ಟಿವಿಯವರೂ ಇದೇ ತಪ್ಪು ಮಾಡುತ್ತಾರೆ. ಸಮುದ್ರದ ಸಾಮಾನು ಮಾರುವವರಿಗಾದರೂ ಇಷ್ಟು ಗೊತ್ತಿರಬೇಡವೇ?

ನಾಟ್ ಅಂದರೆ ಗಂಟು. ಅದು ಬರೀ ಮಾತಿನ ಗಂಟಲ್ಲ, ನಿಜವಾದ ಹಗ್ಗದ ಗಂಟು. ಹಾಯಿ ಹಡಗಿನ ಕಾಲದಲ್ಲಿ ಕಾಲು ಚಕ್ರದಾಕಾರದ ಒಂದು ಮರದ ಹಲಗೆಗೆ ಉದ್ದ ಹಗ್ಗ ಕಟ್ಟಿ ಹಡಗಿನ ಹಿಂದೆ ನೀರಿಗೆ ಬಿಡುತ್ತಿದ್ದರು. ಹಲಗೆ ನೀರಲ್ಲಿ ನಿಂತುಬಿಡುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತದೆ. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿತೋ ಅಷ್ಟು ವೇಗ. ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ, ಅಂದರೆ 14.4 ಮೀಟರ್. ಲೆಕ್ಕ ಹಾಕಿ ನೋಡಿ: 28 ಸೆಕೆಂಡಿಗೆ 14.4 ಮೀಟರ್ ಅಂದರೆ ಗಂಟೆಗೆ 1,852 ಮೀಟರಿಗೆ, ಅಂದರೆ ಒಂದು ನಾಟಿಕಲ್ ಮೈಲಿಗೆ, ಕೂದಲೆಳೆ ಕಮ್ಮಿ. ಆ ಹಲಗೆಗೆ ಲಾಗ್, ಅಂದರೆ ಕೊರಡು, ಅಂತ ಹೆಸರು. ಅದು ಹೇಳಿದ ವೇಗವನ್ನು ಬರೆದಿಡುವ ಪುಸ್ತಕ ಲಾಗ್ ಬುಕ್ ಆಯಿತು. ಈಗ ನಮ್ಮ ಮಕ್ಕಳು ಕಂಪ್ಯೂಟರಿಗೆ ಲಾಗಿನ್ ಆಗುವಾಗಲೂ ಆ ಕೊರಡಿನ ಹೆಸರನ್ನೇ ಹೇಳುತ್ತಾರೆ.

ಆ 1,852 ಎಲ್ಲಿಂದ ಬಂತು? ಭೂಮಿಯಿಂದಲೇ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಮಾಡಿದರೆ ಒಂದು ಭಾಗಕ್ಕೆ ಒಂದು ನಿಮಿಷ ಅನ್ನುತ್ತಾರೆ. ಇದು ಗಡಿಯಾರದ ನಿಮಿಷವಲ್ಲ, ನಕ್ಷೆಯ ನಿಮಿಷ. ಆ ಒಂದು ನಿಮಿಷದ ಉದ್ದವೇ ಒಂದು ನಾಟಿಕಲ್ ಮೈಲು. ಭೂಮಿ ಸರಿಯಾದ ಚೆಂಡಲ್ಲ, ಧ್ರುವದ ಕಡೆ ಸ್ವಲ್ಪ ಒತ್ತಿದ ಹಾಗೆ ಉಂಟು. ಹಾಗಾಗಿ ಸಮಭಾಜಕದ ಬಳಿ ಆ ನಿಮಿಷ 1,843 ಮೀಟರ್ ಆದರೆ ಧ್ರುವದ ಬಳಿ 1,862 ಮೀಟರ್ ಆಗುತ್ತದೆ. ಒಂದೊಂದು ದೇಶ ಒಂದೊಂದು ಉದ್ದ ಹಿಡಿದು ಕೂತಿತ್ತು. 1929ರಲ್ಲಿ ಮೊನಾಕೊದಲ್ಲಿ ಸಭೆ ಸೇರಿ 1,852 ಅಂತ ತೀರ್ಮಾನ ಮಾಡಿದರು. ಬ್ರಿಟಿಷರು ಮಾತ್ರ ತಮ್ಮ 6,080 ಅಡಿಯನ್ನು 1970ರ ತನಕ ಬಿಡಲಿಲ್ಲ.

ಈಗ ಮಾಲಿನ ಪರೀಕ್ಷೆಗೆ ಬರುತ್ತೇನೆ. ಜನವರಿಯ ಒಂದು ಬೆಳಗ್ಗೆ ಅಳಿಯನ ಬೋಟಿನಲ್ಲಿ ಹೊರಟೆವು. ನಮ್ಮ ಕರಾವಳಿ ಹೆಚ್ಚು ಕಡಿಮೆ ಉತ್ತರ ದಕ್ಷಿಣವಾಗಿ ಮಲಗಿರುವುದರಿಂದ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. ದಡಕ್ಕೆ ಸಮವಾಗಿ ನೆಟ್ಟಗೆ ಬಡಗು ಹಿಡಿದರೆ ಸಾಕು, ಅಕ್ಷಾಂಶದ ನಿಮಿಷ ಒಂದೊಂದಾಗಿ ಏರುತ್ತದೆ. ಅಳಿಯನಿಗೆ ಇಂಜಿನ್ ಮುಟ್ಟಬೇಡ ಮಾರಾಯ ಅಂತ ಹೇಳಿ, 13 ಡಿಗ್ರಿ 25 ನಿಮಿಷದಿಂದ 26 ನಿಮಿಷಕ್ಕೆ ವಾಚ್ ಹಿಡಿದೆ. ಗಡಿಯಾರದಲ್ಲಿ 7 ನಿಮಿಷ 23 ಸೆಕೆಂಡ್ ಆಯಿತು. ತಿರುಗಿಸಿ ಅದೇ ಇಂಜಿನ್ ವೇಗದಲ್ಲಿ ತೆಂಕಿಗೆ ಬಂದರೆ 8 ನಿಮಿಷ 11 ಸೆಕೆಂಡ್. ಯಂತ್ರ ಹೋಗುವಾಗ 8.1 ನಾಟ್ ತೋರಿಸಿತ್ತು, ಬರುವಾಗ 7.3. ನಮ್ಮ ಅಕ್ಷಾಂಶದಲ್ಲಿ ಒಂದು ನಿಮಿಷ ಸುಮಾರು 1,844 ಮೀಟರ್. ಆ ಎಂಟು ಮೀಟರಿನ ಕೊರತೆಯನ್ನೂ ಸೇರಿಸಿ ಲೆಕ್ಕ ಹಾಕಿದೆ. ಯಂತ್ರದ ಎರಡೂ ಅಂಕಿ ಸರಿ. ಕ್ಯಾಬಿನ್ನಿನ ದೊಡ್ಡ ಸೆಟ್ಟಿಗೂ ಇದಕ್ಕೂ 0.1ಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಈ ಪರೀಕ್ಷೆಯನ್ನು ಮೂಡು ಪಡುವಾಗಿ ಮಾಡಲು ಹೋಗಬೇಡಿ. ರೇಖಾಂಶದ ನಿಮಿಷ ನಮ್ಮಲ್ಲಿ 1,805 ಮೀಟರ್ ಮಾತ್ರ, ಲೆಕ್ಕ ತಪ್ಪಿ ಯಂತ್ರವನ್ನು ಬೈಯುತ್ತೀರಿ.

ಅಳಿಯ ಕೇಳಿದ, "ಇಂಜಿನ್ ಒಂದೇ, ಬೋಟ್ ಒಂದೇ. ಮತ್ತೆ ಎಂಟು ಯಾಕೆ, ಏಳು ಯಾಕೆ?"

ಅಲ್ಲಿ ಇರುವುದು ವಿಷಯ. ಚಳಿಗಾಲದಲ್ಲಿ ನಮ್ಮ ಪಡುಗಡಲ ದಡದ ನೀರು ಬಡಗು ಮುಖವಾಗಿ ಹರಿಯುತ್ತದೆ, ಮಳೆಗಾಲದಲ್ಲಿ ತೆಂಕು ಮುಖ. ಆ ದಿನದ ಸೆಳೆತ ಹೋಗುವಾಗ ಬೋಟಿನ ಬೆನ್ನು ದೂಡಿತು, ಬರುವಾಗ ಎದೆಗೆ ಕೈ ಕೊಟ್ಟಿತು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 7.7. ನೀರಿನ ಮೇಲೆ ಬೋಟಿನ ಸ್ವಂತ ದುಡಿಮೆ ಅಷ್ಟು. ಉಳಿದ 0.4 ನೀರಿನದ್ದು. ಜಿಪಿಎಸ್ಸಿಗೆ ನೀರು ಅಂತ ಒಂದು ಉಂಟು ಎಂಬುದೇ ಗೊತ್ತಿಲ್ಲ. ಅದು ನೋಡುವುದು 20,200 ಕಿಲೋಮೀಟರ್ ಮೇಲಿನ ಉಪಗ್ರಹಗಳನ್ನು. ಅವು ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ಓಡುತ್ತಿರುತ್ತವೆ. ರೈಲು ಹತ್ತಿರ ಬರುವಾಗ ಶಿಳ್ಳೆ ಸಣ್ಣದಾಗಿ, ದಾಟಿ ಹೋದ ಮೇಲೆ ದಪ್ಪವಾಗಿ ಕೇಳುತ್ತದಲ್ಲ? ಉಪಗ್ರಹದ ಅಲೆಯಲ್ಲೂ ಅಂಥದ್ದೇ ಬದಲಾವಣೆ ಆಗುತ್ತದೆ. ಅದನ್ನು ಹಿಡಿದು ಯಂತ್ರ ನಮ್ಮ ವೇಗ ಹೇಳುತ್ತದೆ. ಅದು ನೆಲದ ಮೇಲಿನ ವೇಗ.

ನೀರಿನ ಮೇಲಿನ ವೇಗ ಬೇಕಾದರೆ ನೀರನ್ನೇ ಕೇಳಬೇಕು. ಅದಕ್ಕಾಗಿ ನಾನು ಹಳೆಯ ಕೊರಡನ್ನೇ ಮಾಡಿದೆ. ಪ್ಲೈವುಡ್ಡಿನಲ್ಲಿ ಒಂದು ಗೇಣಿಗಿಂತ ಸಣ್ಣ ಕಾಲು ಚಕ್ರ ಕತ್ತರಿಸಿ, ದುಂಡಗಿನ ಅಂಚಿಗೆ ಬಲೆಯ ಸೀಸದ ಗುಂಡು ಬಡಿದೆ. ಹಾಗೆ ಮಾಡಿದರೆ ಅದು ನೀರಲ್ಲಿ ಮಲಗುವುದಿಲ್ಲ, ಮೂಲೆ ಮೇಲಾಗಿ ಗೋಡೆಯ ಹಾಗೆ ನಿಲ್ಲುತ್ತದೆ. ಮೂರು ಮೂಲೆಗೆ ಮೂರು ತೂತು, ಮೂರು ಹುರಿ. ಎರಡನ್ನು ಗಂಟು ಹಾಕಿ, ಮೂರನೆಯದಕ್ಕೆ ಬಿದಿರಿನ ಬೆಣೆ. ಕೆಲಸ ಮುಗಿದ ಮೇಲೆ ಹಗ್ಗ ಜಗ್ಗಿದರೆ ಬೆಣೆ ಕಳಚಿ ಹಲಗೆ ಅಂಗಾತ ಮಲಗುತ್ತದೆ, ಎಳೆದುಕೊಳ್ಳಲು ಸುಲಭ. ಬೆಣೆ ಇಲ್ಲದಿದ್ದರೆ ಒಬ್ಬನಿಂದ ಎಳೆಯಲಾಗದು. ಮೊದಲ ಹದಿನೈದು ಮೀಟರ್ ಹಗ್ಗ ಲೆಕ್ಕಕ್ಕಿಲ್ಲ. ಬೋಟಿನ ಹಿಂದಿನ ಕಲಕು ನೀರು ದಾಟುವ ತನಕ ಬಿಟ್ಟು, ಅಲ್ಲಿ ಕೆಂಪು ಬಟ್ಟೆ ಚೂರು ಕಟ್ಟಿದೆ. ಆಮೇಲೆ 14.4 ಮೀಟರಿಗೆ ಒಂದರಂತೆ ನಾಲ್ಕು ಗಂಟು.

"ಮಾಮ, ಅದು ಫ್ಯಾನಿಗೆ ಸುತ್ತಿದರೆ ನೀವೇ ನೀರಿಗೆ ಇಳಿಯಬೇಕು" ಅಂದ ಅಳಿಯ. ಫ್ಯಾನ್ ಅಂದರೆ ಬೋಟಿನ ತಳದ ಪ್ರೊಪೆಲ್ಲರ್. ಬಲೆ ಮೇಲೆ ತೆಗೆದಿದ್ದಾಗ, ಬಲೆ ಎಳೆಯುವ ವೇಗಕ್ಕೆ ಇಂಜಿನ್ ಇಳಿಸಿ, ಮತ್ತೆ ಬಡಗು ಮುಖ ಮಾಡಿ ಹಲಗೆ ಬಿಟ್ಟೆ. ಕೆಂಪು ಬಟ್ಟೆ ಕೈ ದಾಟಿದ ಕೂಡಲೇ "ಹ್ಞೂಂ" ಅಂದೆ. ಅವನು ಮೊಬೈಲಿನಲ್ಲಿ 28 ಸೆಕೆಂಡ್ ಎಣಿಸಿದ. ಹಗ್ಗ ಬೆರಳ ಸಂದಿಯಲ್ಲಿ ಒದ್ದೆಯಾಗಿ, ಉಪ್ಪು ಉಪ್ಪಾಗಿ ಓಡುತ್ತದೆ. ಮೊದಲ ಗಂಟು ಟಕ್ ಅಂತ ಕಿರುಬೆರಳಿಗೆ ಬಡಿಯಿತು. ಎರಡನೆಯದು ಬಡಿಯಿತು. ಅವನು "ಸ್ಟಾಪ್" ಅಂದಾಗ ಹಗ್ಗ ಹಿಡಿದು, ಎರಡನೇ ಗಂಟಿನಿಂದ ಮುಂದೆ ಹೋದದ್ದನ್ನು ಮಾರು ಹಾಕಿ ಅಳೆದೆ. ನಾಲ್ಕು ಮಾರು ಬಂತು, ಏಳು ಮೀಟರ್ ಹತ್ತಿರ. ಅಂದರೆ 2.5 ನಾಟ್. ಜಿಪಿಎಸ್ ನೋಡಿದರೆ 2.9.

ಮತ್ತೆ ಅದೇ 0.4! ಅಳಿಯ ಒಂದು ನಿಮಿಷ ಸುಮ್ಮನೆ ನಿಂತ. ನಾನಂತೂ ನಿವೃತ್ತಿಯ ನಂತರ ಇಷ್ಟು ಖುಷಿಯಾದದ್ದು ಕಡಿಮೆ. ಬೆರಳಿನ ಚರ್ಮ ಸ್ವಲ್ಪ ಹೋಯಿತು, ಅದು ಬೇರೆ.

ಇದು ಆಟವಲ್ಲ, ಹೊಟ್ಟೆಪಾಡಿನ ಲೆಕ್ಕ. ಬಲೆಯ ಬಾಯಿ ತೆರೆಯುವುದು, ಹಗ್ಗಕ್ಕೆ ಭಾರ ಬೀಳುವುದು ನೀರಿನ ಮೇಲಿನ ವೇಗದಿಂದ. ಜಿಪಿಎಸ್ಸಿನಲ್ಲಿ 2.9 ನೋಡಿ ಜಾಸ್ತಿಯಾಯಿತು ಅಂತ ಇಂಜಿನ್ ಇಳಿಸಿದರೆ ಬಲೆ ಸೊರಗುತ್ತದೆ. ತೆಂಕಿಗೆ ಎಳೆಯುವಾಗ ಅದೇ 2.9 ಬರಬೇಕು ಅಂತ ಇಂಜಿನ್ ಏರಿಸಿದರೆ ನೀರಿನ ಮೇಲೆ 3.3 ಆಗಿ ಬಲೆ ನೆಲ ಬಿಟ್ಟು ಏಳಬಹುದು, ಡೀಸೆಲ್ ಅಂತೂ ಹೋಗಿಯೇ ಹೋಗುತ್ತದೆ. ಹಳೆಯ ತಾಂಡೇಲರು ಹಗ್ಗದ ಬಿಗಿ ಮುಟ್ಟಿ ನೋಡುತ್ತಿದ್ದದ್ದು ಇದಕ್ಕೇ.

ದೊಡ್ಡ ಹಡಗಿನಲ್ಲಿ ಎರಡಕ್ಕೂ ಬೇರೆ ಬೇರೆ ಕಣ್ಣು ಉಂಟು. 300 ಟನ್ನೇಜಿನ ಮೇಲಿನ ಹಡಗಿಗೆ ನೀರಿನ ಮೇಲಿನ ವೇಗ ಹೇಳುವ ಲಾಗ್ ಇರಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮ. 50,000 ದಾಟಿದರೆ ನೆಲದ ಮೇಲಿನ ವೇಗ, ಅದೂ ಮುಂದೆ ಹಿಂದೆ ಮಾತ್ರವಲ್ಲ, ಅಡ್ಡಕ್ಕೆ ಎಷ್ಟು ಜಾರುತ್ತಿದೆ ಅಂತಲೂ ಹೇಳುವ ಯಂತ್ರ ಬೇಕು. ನಮ್ಮ ಒಂದು ಹಡಗಿನಲ್ಲಿ ತಳದ ಲಾಗಿಗೆ ಚಿಪ್ಪು ಬೆಳೆದು, ಹನ್ನೆರಡು ನಾಟಿನಲ್ಲಿ ಹೋಗುವಾಗ ಒಂಬತ್ತು ಅಂತ ಹೇಳುತ್ತಿತ್ತು. ಟ್ಯಾಂಕರನ್ನು ದಕ್ಕೆಗೆ ಒರಗಿಸುವಾಗ ಪೈಲಟ್, ಅಂದರೆ ಬಂದರಿನೊಳಗೆ ಹಡಗಿಗೆ ದಾರಿ ತೋರಿಸುವವ, ಅಡ್ಡ ವೇಗದ ಅಂಕಿಯನ್ನೇ ದಿಟ್ಟಿಸುತ್ತಿರುತ್ತಾನೆ. ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಆಸುಪಾಸು, ಅಂದರೆ 0.2 ನಾಟ್. ಅದಕ್ಕಿಂತ ಜೋರಾಗಿ ಮುಟ್ಟಿದರೆ ದಕ್ಕೆಯ ಫೆಂಡರ್, ಅಂದರೆ ಪೆಟ್ಟು ತಡೆಯುವ ಮೆತ್ತೆ, ಚಪ್ಪಟೆ. ಈ 13,400ರ ಯಂತ್ರದಲ್ಲಿ ಅಂಥ ಕೆಲಸ ಆಗುವುದಿಲ್ಲ. ಅಂಗಳದ ಕಟ್ಟೆಯ ಮೇಲೆ ಇಟ್ಟರೂ ಒಮ್ಮೊಮ್ಮೆ 0.2 ತೋರಿಸುತ್ತದೆ. ಅರ್ಧ ನಾಟಿನ ಕೆಳಗೆ ಅದನ್ನು ನಂಬಬೇಡಿ. ಬೋಟ್ ತಟ್ಟನೆ ನಿಂತರೂ ಅಂಕಿ ಸೊನ್ನೆಗೆ ಇಳಿಯಲು ನಾಲ್ಕೈದು ಸೆಕೆಂಡ್ ಬೇಕು.

ಎರಡನೇ ಪರೀಕ್ಷೆ ಗಾಳಿಯಲ್ಲಿ. ಮಗಳು ದುಬೈಯಲ್ಲಿದ್ದಾಳೆ. ಅದೇ ತಿಂಗಳ ಕೊನೆಗೆ ಮಂಗಳೂರಿನಿಂದ ಹೋಗುವಾಗ ಇದನ್ನು ಕಿಸೆಯಲ್ಲಿ ಹಾಕಿಕೊಂಡೆ. ಗಗನಸಖಿಯನ್ನು ಕೇಳಿ, ಮೇಲೆ ಹೋದ ಮೇಲೆ ಆನ್ ಮಾಡಿದೆ. ಕಿಟಕಿಗೆ ಅಂಟಿಸಿ ಹಿಡಿಯಬೇಕು. ಉಪಗ್ರಹ ಸಿಗಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಕೈ ನೋವು ಬಂತು, ಪಕ್ಕದ ಸೀಟಿನ ಹುಡುಗ ನನ್ನನ್ನು ಅನುಮಾನದಿಂದ ನೋಡಿದ. ಅಂಕಿ ಬಂದಾಗ 410 ನಾಟ್. ಹತ್ತು ದಿನ ಬಿಟ್ಟು ವಾಪಸು ಬರುವಾಗ, ಅದೇ ಜಾತಿಯ ವಿಮಾನ, 490 ನಾಟ್. ಗಂಟೆಗೆ 150 ಕಿಲೋಮೀಟರ್ ವ್ಯತ್ಯಾಸ! ಪೈಲಟಿಗೆ ಮನೆಗೆ ಹೋಗುವ ಅವಸರ ಅಂತಲ್ಲ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಡುವಣ ಗಾಳಿ ಜೋರು. ಮಲ್ಪೆಯ ಸೆಳೆತ 0.4 ಇದ್ದದ್ದು ಇಲ್ಲಿ 40 ಆಯಿತು, ಲೆಕ್ಕ ಅದೇ. ಎರಡು ದಿನದ ಗಾಳಿ ಒಂದೇ ಇರುತ್ತದೆ ಅಂತ ಇಲ್ಲ, ಆದರೂ ಕೂಡಿಸಿ ಅರ್ಧ ಮಾಡಿದರೆ 450. ಈಗಿನ ಸಾಮಾನ್ಯ ಜೆಟ್ ಶಬ್ದದ ವೇಗದ 0.78ರಷ್ಟರಲ್ಲಿ ಹೋಗುತ್ತದೆ. 35,000 ಅಡಿಯ ಆ ಥಂಡಿಯಲ್ಲಿ ಶಬ್ದದ ವೇಗ 576 ನಾಟ್. ಗುಣಿಸಿ ನೋಡಿ, ಅಲ್ಲಿಗೇ ಬರುತ್ತದೆ.

ಆದರೆ ಆ ಹೊತ್ತಿನಲ್ಲಿ ಪೈಲಟ್ ಎದುರಿನ ವೇಗದ ಮಾಪಕ 410ನ್ನೂ ತೋರಿಸುವುದಿಲ್ಲ, 450ನ್ನೂ ಇಲ್ಲ. ಅಲ್ಲಿ 260ರ ಆಸುಪಾಸು ಇರುತ್ತದೆ. ಅದು ಹಾಳಾದದ್ದಲ್ಲ. ವಿಮಾನದ ಮೂಗಿನ ಬಳಿ ಮುಂದಕ್ಕೆ ಬಾಯಿ ತೆರೆದ ಬೆರಳು ಗಾತ್ರದ ಕೊಳವೆ ಇರುತ್ತದೆ. ಹೆನ್ರಿ ಪಿಟೋ ಎಂಬ ಫ್ರೆಂಚ್ ಇಂಜಿನಿಯರ್ 1732ರಲ್ಲಿ ಸೀನ್ ನದಿಯ ಹರಿವು ಅಳೆಯಲು ಇಳಿಸಿದ್ದ ಕೊಳವೆಯ ಮೊಮ್ಮಗ ಅದು. ಗಾಳಿ ಅದರೊಳಗೆ ಎಷ್ಟು ಒತ್ತುತ್ತದೆ ಎಂಬುದನ್ನೇ ವೇಗವಾಗಿ ತೋರಿಸುತ್ತದೆ. ಮೇಲೆ ಗಾಳಿ ತೆಳು, ಒತ್ತಡ ಕಮ್ಮಿ, ಅಂಕಿಯೂ ಕಮ್ಮಿ. ರೆಕ್ಕೆಗೆ ಬೇಕಾದದ್ದೂ ಆ ಒತ್ತಡವೇ. ಹಾಗಾಗಿ ವಿಮಾನ ಬೀಳದೆ ಇರಲು ಆ 260 ಮುಖ್ಯ, ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಅನ್ನಲು ನನ್ನ ಕೈಯಲ್ಲಿದ್ದ 410 ಮುಖ್ಯ. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447 ವಿಮಾನದ ಆ ಕೊಳವೆಗಳಿಗೆ ಐಸಿನ ಹರಳು ಕಟ್ಟಿ ವೇಗದ ಅಂಕಿಗಳು ಕೆಟ್ಟವು. ಅಲ್ಲಿಂದ ಶುರುವಾದ ಗೊಂದಲ 228 ಜನರ ಜೀವ ತೆಗೆಯಿತು. ಹಡಗಿನ ತಳದ ಚಿಪ್ಪು ನೆನಪಾದದ್ದು ಅದನ್ನು ಓದಿದಾಗಲೇ. ನಮಗೆ ಅದರಿಂದ ಲಾಗ್ ಬುಕ್ಕಿನ ಲೆಕ್ಕ ತಪ್ಪುತ್ತಿತ್ತು, ಅಷ್ಟೆ.

ಇನ್ನು ಮಾಲಿನ ಉಳಿದ ಗುಣ ಅವಗುಣ. ಎರಡು ಪೆನ್ಸಿಲ್ ಸೆಲ್ಲಿನಲ್ಲಿ 25 ಗಂಟೆ ಅಂತ ಪೆಟ್ಟಿಗೆ ಹೇಳುತ್ತದೆ, ನನಗೆ 17 ಬಂತು. ಬಿಸಿಲಿನಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಪೂರ್ತಿ ಮಾರ್ಕು. ಆದರೆ ಅಳಿಯ ಹಾಕುವ ಕೂಲಿಂಗ್ ಗ್ಲಾಸಿನಲ್ಲಿ ಅಡ್ಡ ಹಿಡಿದರೆ ಪರದೆ ಪೂರಾ ಕಪ್ಪು. ಕೊಂಡವರು ಮೊದಲು ಸೆಟ್ಟಿಂಗಿಗೆ ಹೋಗಿ ಕಿಲೋಮೀಟರ್ ತೆಗೆದು ನಾಟ್ ಹಾಕಿ, ಇಲ್ಲದಿದ್ದರೆ 15 ನೋಡಿ ನಿಮ್ಮ ಬೋಟ್ ನೌಕಾಪಡೆಯದ್ದು ಅಂದುಕೊಳ್ಳುತ್ತೀರಿ. ಒದ್ದೆ ಕೈಯಲ್ಲಿ ಗುಂಡಿ ಕೆಲಸ ಮಾಡುತ್ತದೆ. ಮೊಬೈಲಿಗಿಂತ ಇದು ಬೇಕು ಅನ್ನುವುದಕ್ಕೆ ಅದೊಂದೇ ಕಾರಣ ಸಾಕು. ಕೇಬಲ್ ಸಿಕ್ಕಿಸುವ ಕಡೆಯ ರಬ್ಬರ್ ಮುಚ್ಚಳ ಎರಡನೇ ತಿಂಗಳಲ್ಲೇ ಕಿತ್ತು ಬಂತು. ವಾರಂಟಿಗೆ ಮೂರು ಸಲ ಫೋನ್ ಮಾಡಿದೆ. ಫೋಟೊ ಕಳಿಸಿ ಅಂದರು, ಕಳಿಸಿದೆ, ಮತ್ತೆ ಫೋಟೊ ಕಳಿಸಿ ಅಂದರು. ಈಗ ಅಲ್ಲಿ ಸೈಕಲ್ ಟ್ಯೂಬಿನ ತುಂಡು ಉಂಟು. ಕಂಪನಿಯದ್ದಕ್ಕಿಂತ ಗಟ್ಟಿ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಚೀಟಿಯಲ್ಲಿ ಆ "ಪರ್ ಅವರ್" ಇಲ್ಲದಿದ್ದರೆ ನಾಲ್ಕು ಕೊಡುತ್ತಿದ್ದೆ. ಅಂಗಡಿಯವರ ಪುಟದಲ್ಲಿ ಅರ್ಧ ಸ್ಟಾರ್ ಹಾಕಲಿಕ್ಕೆ ಆಗುವುದಿಲ್ಲ, ಹಾಗಾಗಿ ಮೂರು ಅಂತ ಬಿದ್ದಿದೆ.

ಯಂತ್ರ ಈಗ ಬೋಟಿನ ಕ್ಯಾಬಿನ್ನಿನಲ್ಲಿ ಮೊಳೆಗೆ ನೇತು ಹಾಕಿಕೊಂಡಿದೆ. ಹಗ್ಗವನ್ನೂ ಅಲ್ಲಿಯೇ ಇಡು ಅಂದಿದ್ದೆ. ಅಳಿಯ ಹಲಗೆ ಇಟ್ಟುಕೊಂಡು ಹಗ್ಗ ವಾಪಸು ತಂದು ಕೊಟ್ಟ, ಫ್ಯಾನಿನ ಹೆದರಿಕೆ ಅವನಿಗೆ ಇನ್ನೂ ಹೋಗಿಲ್ಲ. ಮನೆಯವಳು ಅದನ್ನು ಬಾವಿಕಟ್ಟೆಯ ಕಂಬದಿಂದ ಹಲಸಿನ ಮರಕ್ಕೆ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಾಳೆ. ಕಂಬದ ಹತ್ತಿರ ಎರಡನೇ ಗಂಟು, ಮರದ ಹತ್ತಿರ ಮೂರನೆಯದು. ಗಾಳಿ ಬಂದಾಗ ಕ್ಲಿಪ್ಪುಗಳು ಜಾರಿಕೊಂಡು ಹೋಗಿ ಗಂಟಿನ ಬಳಿ ನಿಲ್ಲುತ್ತವಂತೆ, ಅದೊಂದು ಉಪಕಾರ ಅನ್ನುತ್ತಾಳೆ.